ಕಂಡದ್ದನ್ನಷ್ಟೇ ಬರೆಯುವ ರೂತಕ್ಕ

ಶನಿವಾರ, ಬೆಳಗ್ಗೆ ಆರಕ್ಕೆ ಹತ್ತು ನಿಮಿಷ ಬಾಕಿ. ಕೊಡಿಗೆಗುಡ್ಡದ ಕಾಫಿ ತೋಟ ಮುಗಿದು ಕಾಡು ಶುರುವಾಗುವ ಕಡೆ, ದನ ನುಗ್ಗದಂತೆ ಅಡ್ಡಗಳ ಹಾಕಿದ ಒಂದು ದಣಪೆ ಇದೆ. ಅದರ ಮೇಲೆ ಕೈಯಿಟ್ಟುಕೊಂಡು ರೂತಕ್ಕ ನಿಂತಿದ್ದಾರೆ. ನಿಂತು ಆರು ನಿಮಿಷವಾಯಿತು. ಐವತ್ತೊಂಬತ್ತರ ಹೆಂಗಸು. ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ರೆಕ್ಸಿನ್ ಚೀಲ. ಚೀಲದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೂವತ್ತೈದು ಹಾಳೆಗಳು. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಹತ್ತು ಮಾರು ಆಚೆಯ ಸಿಲ್ವರ್ ಮರ ಕಾಣುತ್ತಿಲ್ಲ.

"ಇನ್ನೂ ಹೊರಡೋದಿಲ್ವಾ?" ಎಂದು, ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನಾನು ಕೇಳುತ್ತೇನೆ. ಅವರು ತಿರುಗದೆಯೇ ಅಂಗೈ ಎತ್ತುತ್ತಾರೆ.

"ಮಾತಾಡ್ಬೇಡಿ. ಮಾತಾಡಿದ್ರೆ ನಮ್ಮ ಕಿವಿ ನಾವೇ ಮುಚ್ಕೊಂಡ ಹಾಗೆ."

ಎಲೆಯಿಂದ ಹನಿ ಉದುರುವುದು ಬಿಟ್ಟರೆ ಏನೂ ಕೇಳುವುದಿಲ್ಲ. ಅಷ್ಟರಲ್ಲಿ ಎಡಗಡೆ ಇಳಿಜಾರಿನ ಬಿದಿರು ಮೆಳೆಯಿಂದ ಒಂದು ಶಬ್ದ. ಗಳ ಮುರಿದಂತೆ, ಒಂದೇ ಸಲ. ರೂತಕ್ಕ ನನ್ನ ಅಂಗಿಯ ತೋಳು ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ಓಡುವುದಿಲ್ಲ, ಓಡಲು ಬಿಡುವುದೂ ಇಲ್ಲ. ಬಂದ ದಾರಿಯಲ್ಲೇ ಸಪ್ಪಳವಾಗದಂತೆ ವಾಪಸು ನಡೆಸುತ್ತಾರೆ. ತೋಳಿನ ಹಿಡಿತ ಮಾತ್ರ ಸಡಿಲಿಸುವುದಿಲ್ಲ. ಜೀಪು ರಸ್ತೆಗೆ ಬಂದ ಮೇಲೆಯೇ ಉಸಿರು ಬಿಟ್ಟು, ವಾಚು ನೋಡಿ, ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ: 'ಆರು ಗಂಟೆ. ದಣಪೆಯ ಎಡಕ್ಕೆ ಬಿದಿರು ಮುರಿದ ಶಬ್ದ. ಒಂದು ಸಲ. ಆನೆ ಕಂಡಿಲ್ಲ.'

"ಆನೆನೇ ಅಲ್ವಾ ಅದು?"

"ನಂಗೊತ್ತಿಲ್ಲ. ಕಾಡುಕೋಣ ಇರಬಹುದು. ಒಣಗಿದ ಬಿದಿರು ತಾನಾಗೇ ಮುರಿದಿರಬಹುದು. ಗೊತ್ತಿಲ್ಲದ್ದಕ್ಕೆ ಹೆಸರಿಡಬಾರ್ದು ಮಾರಾಯ್ರೆ."

ದಣಪೆ ದಾಟಿದ್ದರೆ ಮೊದಲ ಮನೆಗೆ ಇಪ್ಪತ್ತು ನಿಮಿಷ. ಈಗ ಜೀಪು ರಸ್ತೆಯಲ್ಲಿ ಸುತ್ತಿ ಹೋಗಲು ಮುಕ್ಕಾಲು ಗಂಟೆ. ರೂತಕ್ಕ ಗೊಣಗದೆ ನಡೆಯತೊಡಗುತ್ತಾರೆ.

ಕೊಪ್ಪ ತಾಲ್ಲೂಕಿನ ನಾರ್ವೆಯಿಂದ ಮೇಲಕ್ಕೆ ಹೋಗುವ ಈ ಗುಡ್ಡದ ನೆತ್ತಿಯಲ್ಲಿ ಒಂದು ಸಣ್ಣ ಕಲ್ಲಿನ ಚರ್ಚಿದೆ. ನೂರು ವರ್ಷಕ್ಕೂ ಹಿಂದೆ ಇಂಗ್ಲಿಷ್ ಪ್ಲಾಂಟರುಗಳು ತಮ್ಮ ಆಂಗ್ಲಿಕನ್ ಆರಾಧನೆಗೆಂದು ಕಟ್ಟಿಸಿದ್ದು. ಪ್ಲಾಂಟರುಗಳು ಊರು ಬಿಟ್ಟರು, ತೋಟದ ಆಳುಗಳು ಉಳಿದರು, ಚರ್ಚು ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಪಂಗಡಕ್ಕೆ ಸೇರಿತು. ಈಗ ಇಲ್ಲಿಗೆ ಸೇರಿದ ಇಪ್ಪತ್ತೊಂಬತ್ತು ಮನೆಗಳ ಸಭೆ ಇದೆ. ಹೆಚ್ಚಿನವರು ತೋಟದ ಸಾಲುಮನೆಗಳಲ್ಲಿ, ಇಲ್ಲಿನವರ ಮಾತಿನಲ್ಲಿ 'ಲೈನು'ಗಳಲ್ಲಿ, ಇದ್ದಾರೆ. ಬಾಳೆಹೊನ್ನೂರು ರಸ್ತೆಯಲ್ಲಿ ನಾಲ್ಕು ಮನೆ, ನರಸಿಂಹರಾಜಪುರದ ಕಡೆ ಮೂರು, ಶೃಂಗೇರಿಯ ಅಡ್ಡಗದ್ದೆಯಲ್ಲಿ ಎರಡು. ಮೂರು ಚರ್ಚುಗಳನ್ನು ನೋಡಿಕೊಳ್ಳುವ ಪಾದ್ರಿ, ಅಂದರೆ ಸಭಾಪಾಲಕರು, ಇಲ್ಲಿಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಉಳಿದ ದಿನ ಚರ್ಚು ಎಂದರೆ ರೂತಕ್ಕನೇ. ಗಂಟೆ ಬಾರಿಸುವವರು ಅವರು, ಕಸ ಹೊಡೆಯುವವರು ಅವರು, ಸಮಾಧಿಗಳ ಮೇಲಿನ ಹುಲ್ಲು ಕೀಳುವವರೂ ಅವರೇ.

ಇದರ ಜೊತೆಗೆ, ಯಾವ ನೇಮಕದ ಕಾಗದದಲ್ಲೂ ಇಲ್ಲದ ಒಂದು ಕೆಲಸವಿದೆ. ಸಭೆಯ ಸುದ್ದಿ ಹೊರುವುದು. ಈ ಲೈನುಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಯಾರಿಗೆ ಕಾಯಿಲೆ, ಯಾರ ಮನೆಗೆ ಮಗು, ಯಾರ ಮದುವೆಯ ಪ್ರಕಟಣೆ, ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಗಳ ಹರಾಜಿಗೆ ಯಾರು ಕೋಳಿ ಕೊಡುತ್ತಾರೆ, ಯಾರು ಸಿಹಿಗುಂಬಳ. ಇದನ್ನೆಲ್ಲ ಮೊದಲು ಅವರ ಗಂಡ ಸತ್ಯದಾಸ ಮನೆಮನೆಗೆ ಹೋಗಿ ಬಾಯಲ್ಲಿ ಹೇಳಿ ಬರುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಅವರು ಕಾಮಾಲೆಯಿಂದ ತೀರಿಕೊಂಡ ಮೇಲೆ ರೂತಕ್ಕ ಹೊರಟರು. "ಅವ್ರಿಗೆ ನೆನಪಿತ್ತು, ನಂಗಿಲ್ಲ. ಅದ್ಕೇ ಬರ್ಕೊಂಡೆ," ಎನ್ನುತ್ತಾರೆ. ಹಾಗೆ ಬಾಯಿಮಾತು ಹಾಳೆಯಾಯಿತು.

ಶುಕ್ರವಾರ ಮಧ್ಯಾಹ್ನ ರೂತಕ್ಕ ದುಂಡಗಿನ ಅಕ್ಷರದಲ್ಲಿ ಒಂದು ಹಾಳೆ ಬರೆಯುತ್ತಾರೆ. ನಾರ್ವೆ ಕ್ರಾಸಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಬಾಳೆಹೊನ್ನೂರಿನ ರೇಣುಕಪ್ಪ ಅದನ್ನು ಜೆರಾಕ್ಸ್ ಮಾಡಿಕೊಡುತ್ತಾರೆ. ದೂರದ ಮನೆಗಳ ಪ್ರತಿಗಳು ಬಸ್ ಕಂಡಕ್ಟರುಗಳ ಕೈಗೆ. ಉಳಿದದ್ದು ಶನಿವಾರ ಬೆಳಗ್ಗೆ ನಡಿಗೆಯಲ್ಲಿ. ಹನ್ನೊಂದು ಕಿಲೋಮೀಟರ್, ಮೂರು ಲೈನು, ಎರಡು ಹಳ್ಳ. ಎಂಟಕ್ಕೆಲ್ಲ ಜನ ತೋಟದ ಕೆಲಸಕ್ಕೆ ಇಳಿಯುತ್ತಾರೆ, ಅದಕ್ಕೇ ಬೇಗ ಹೊರಡಬೇಕು.

ನಾಲ್ಕು ವರ್ಷದ ಹಿಂದೆ ಈ ಗುಡ್ಡಕ್ಕೆ ಆನೆ ಬಂದವು. ಅಂದಿನಿಂದ ಹಾಳೆಯ ಕೊನೆಗೆ ನಾಲ್ಕೈದು ಸಾಲು ಹೆಚ್ಚಾಯಿತು.

ಅಂದಹಾಗೆ, ಸಭೆ ಇಪ್ಪತ್ತೊಂಬತ್ತು ಮನೆಗಳದ್ದು, ಹಾಳೆ ಒಟ್ಟು ನಲವತ್ತೈದು. ಉಳಿದ ಹದಿನಾರು ಹಾಳೆ ಚರ್ಚಿಗೆ ಸೇರದ ಮನೆಗಳಿಗೆ. ಅದರಲ್ಲೊಂದು ರೇಣುಕಪ್ಪನ ಅಂಗಡಿಯ ಗೋಡೆಯಲ್ಲಿ, ವಿಭೂತಿ ಗಟ್ಟಿಗಳ ಡಬ್ಬದ ಮೇಲುಗಡೆ ಅಂಟಿರುತ್ತದೆ. "ಗಿರಾಕಿಗಳು ಬಂದವ್ರೇ ಮೊದ್ಲು ಅದರ ಕೊನೇ ಸಾಲು ಓದ್ತಾರೆ. ಸಕ್ಕರೆ ಕೇಳೋದು ಆಮೇಲೆ," ಎನ್ನುತ್ತಾರೆ ಅವರು.

ಮೇಲಿನ ಲೈನಿಗೆ ತಲುಪಿದಾಗ ಅವರ ಮಾತು ನಿಜವೆಂದು ಗೊತ್ತಾಗುತ್ತದೆ. ಮೊದಲ ಮನೆಯ ಬಾಗಿಲು ಗೇಣಷ್ಟೇ ತೆರೆಯುತ್ತದೆ. ಒಳಗಿನಿಂದ ಒಬ್ಬ ಹೆಂಗಸಿನ ಮುಖ. ನಮಸ್ಕಾರ ಇಲ್ಲ, ಬನ್ನಿ ಅನ್ನುವುದಿಲ್ಲ. "ಎಲ್ಲಿದಾವೆ ಅಕ್ಕಾ?" ಎನ್ನುವುದೇ ಮೊದಲ ಮಾತು. ಎರಡನೇ ಮನೆಯಲ್ಲೂ ಅದೇ, ಐದನೇ ಮನೆಯಲ್ಲೂ ಅದೇ. ಬಚ್ಚಲು ಇರುವುದು ಮನೆಯ ಹಿಂದೆ, ನೀರಿನ ನಲ್ಲಿ ಇರುವುದು ರಸ್ತೆಯಾಚೆ. ಬೆಳಕು ಹರಿಯುವವರೆಗೆ ಎರಡಕ್ಕೂ ಯಾರೂ ಹೋಗುವುದಿಲ್ಲ. ಶಾಲೆಯ ಮಕ್ಕಳನ್ನು ಜೀಪು ಬರುವವರೆಗೆ ಒಳಗೇ ಕೂರಿಸಿರುತ್ತಾರೆ. ರೂತಕ್ಕ ಪ್ರತಿ ಬಾಗಿಲಲ್ಲೂ ಚೀಟಿ ನೋಡಿಯೇ ಓದುತ್ತಾರೆ: ಆರು ಗಂಟೆ, ದಣಪೆಯ ಎಡಕ್ಕೆ, ಬಿದಿರು, ಒಂದು ಸಲ, ಕಂಡಿಲ್ಲ. ಒಂದು ಅಕ್ಷರ ಹೆಚ್ಚಿಲ್ಲ.

"ಅಂದ್ರೆ ಆ ಕಡೆ ಹೋಗ್ಬಹುದಾ, ಬ್ಯಾಡ್ವಾ?" ಎಂದು ಒಬ್ಬಾಕೆ ಒತ್ತಾಯಿಸುತ್ತಾಳೆ.

"ಅದನ್ನ ನಾನು ಹೇಳಲ್ಲ ಮಾರಾಯ್ತಿ. ಕೇಳಿದ್ದು ಹೇಳಿದೀನಿ," ಎಂದು ರೂತಕ್ಕ ಮುಂದಿನ ಮನೆಗೆ ಹೊರಡುತ್ತಾರೆ.

ಈ ಬಿಗಿ ಎಲ್ಲಿಂದ ಬಂತೆಂದು ಕೇಳುತ್ತೇನೆ. ಎರಡನೇ ಹಳ್ಳ ದಾಟುತ್ತಾ ಅವರು ಹೇಳತೊಡಗುತ್ತಾರೆ.

ಎರಡು ವರ್ಷದ ಹಿಂದಿನ ನವೆಂಬರ್. ಒಂದು ಶುಕ್ರವಾರ ರೇಣುಕಪ್ಪನ ಅಂಗಡಿಯ ಮುಂದೆ ಪಿಕಪ್ ನಿಲ್ಲಿಸಿದ್ದ ಯಾರೋ ಇಬ್ಬರು, ಆನೆಗಳೆಲ್ಲ ಹಳ್ಳ ದಾಟಿ ಆಚೆ ಕಾಡಿಗೆ ಹೋದವು ಎಂದು ಮಾತಾಡಿಕೊಳ್ಳುತ್ತಿದ್ದರು. ಅವರು ಯಾರು, ಅವರಿಗೆ ಹೇಳಿದವರು ಯಾರು ಎಂದು ರೂತಕ್ಕ ಕೇಳಲಿಲ್ಲ. ಖುಷಿಯಾಗಿತ್ತು. ಎರಡು ವಾರದಿಂದ ಜನ ಮನೆಯೊಳಗೇ ಮುದುರಿ ಕೂತಿದ್ದರು. ಅವರಿಗೊಂದು ಒಳ್ಳೆಯ ಸುದ್ದಿ ಕೊಡುವ ಆಸೆ. ಹಾಳೆಯ ಕೊನೆಗೆ ಬರೆದರು: 'ಆನೆಗಳು ಹಳ್ಳ ದಾಟಿ ಆಚೆ ಹೋಗಿವೆ. ಮೇಲಿನ ದಾರಿ ಈಗ ಸಲೀಸು.'

ಕೆಳಗಿನ ಲೈನಿನ ಅಂಚಿನ ಮನೆಯಲ್ಲಿ ಗೋವಿಂದ, ಸೀತಕ್ಕ ಎಂಬ ದಂಪತಿ. ಚರ್ಚಿನವರಲ್ಲ, ಮೂರು ತಲೆಮಾರಿನಿಂದ ಇದೇ ತೋಟಗಳಲ್ಲಿ ದುಡಿಯುತ್ತಿರುವ ಮನೆತನ. ಗೋವಿಂದನಿಗೆ ಓದಲು ಬರುವುದಿಲ್ಲ. ಸೀತಕ್ಕ ಹಾಳೆ ಓದಿ ಹೇಳಿದರು. ಸೋಮವಾರ ಬೆಳಗ್ಗೆ ಆರೂವರೆಗೆ ಗೋವಿಂದ ಕಾಫಿ ಕೊಯ್ಯಲು, ಎರಡು ವಾರದ ನಂತರ ಮೊದಲ ಬಾರಿಗೆ, ಮೇಲಿನ ದಾರಿ ಹಿಡಿದರು.

ಗುಂಪು ಹೋಗಿದ್ದು ನಿಜವೇ ಇರಬಹುದು. ಒಂಟಿ ಸಲಗವೊಂದು ಹೋಗಿರಲಿಲ್ಲ.

"ಶಬ್ದನೇ ಇಲ್ಲ," ಎಂದು ಗೋವಿಂದ ನನಗೆ ಹೇಳಿದರು. ಅವರ ಮನೆಯ ಜಗಲಿಯಲ್ಲಿ ಕೂತು, ಊರುಗೋಲನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು. "ಅಷ್ಟು ದೊಡ್ಡ ಜೀವ, ಹಿಂದೆ ಬಂದು ನಿಂತಿದ್ದು ಗೊತ್ತೇ ಆಗ್ಲಿಲ್ಲ. ಬಿಸಿ ಉಸಿರು ಕುತ್ತಿಗೆಗೆ ಬಡೀತು. ಆಮೇಲೆ ನಾನು ನೆಲದ ಮೇಲಿರ್ಲಿಲ್ಲ."

ಎಸೆದ ಏಟಿಗೆ ಅವರು ರಸ್ತೆಯ ಮೋರಿಯ ಹತ್ತಿರ ಬಿದ್ದರು. ಸೊಂಟದ ಮೂಳೆ, ಬಲಗಾಲು ಮುರಿದಿತ್ತು. ತೋಳುಗಳಲ್ಲೇ ತೆವಳಿ ಮೋರಿಯ ಪೈಪಿನೊಳಗೆ ಸೇರಿಕೊಂಡರು. ಆನೆ ಎರಡು ಗಂಟೆ ಹೊತ್ತು ಅಲ್ಲೇ ಇತ್ತು. ಸೊಂಡಿಲನ್ನು ಪೈಪಿನೊಳಗೆ ಇಳಿಬಿಟ್ಟು ಮೂಸುತ್ತಿತ್ತು. "ಇಷ್ಟು ದೂರ," ಎಂದು ಗೋವಿಂದ ಮೊಳಕೈಯಿಂದ ಬೆರಳ ತುದಿಯವರೆಗೆ ತೋರಿಸುತ್ತಾರೆ. ಈಗಲೂ ಅವರಿಗೆ ತಲೆಯ ಮೇಲೆ ಹೊದಿಕೆ ಎಳೆದುಕೊಳ್ಳಲು ಆಗುವುದಿಲ್ಲ. ಉಸಿರು ಕಟ್ಟುತ್ತದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ತಿಂಗಳು. ಮೊದಲ ವಾರವೇ ರೂತಕ್ಕ ಬಸ್ಸು ಹತ್ತಿ ಹೋದರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದ ಸೀತಕ್ಕ ಬೈಯಲಿಲ್ಲ, ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ರೂತಕ್ಕಾ, ಅದನ್ನ ಬರೆದಿದ್ದು ನೀವೇ ಅಲ್ದಾ?"

"ಹೌದು, ನಾನೇ."

"ಯಾರು ನೋಡಿದ್ರು?"

"ಬೈದಿದ್ರೆ ಬದುಕ್ತಿದ್ದೆ ನಾನು," ಎನ್ನುತ್ತಾರೆ ರೂತಕ್ಕ. "ಆನೆ ಹೆದರಿಕೆ ಬೇರೆ. ಅದು ಹೊರಗಿಂದು, ಬಾಗಿಲು ಹಾಕ್ಕೊಂಡ್ರೆ ಸ್ವಲ್ಪ ಕಡ್ಮೆ ಆಗ್ತದೆ. ಇದು ಹಾಗಲ್ಲ. ಪೆನ್ನು ಹಿಡ್ಕೊಂಡ್ರೆ ಕೈ ಬೆವರೋದು. ಮದುವೆ ತಾರೀಕು ಬರೆಯೋಕೂ ಭಯ. ತಪ್ಪು ಬರೆದ್ರೆ ಇನ್ನ್ಯಾರಿಗೆ ಎಂತ ಆಗ್ತದೋ ಅಂತ."

ಅವರು ಆನೆಯ ಸಾಲುಗಳನ್ನು ನಿಲ್ಲಿಸಿಬಿಟ್ಟರು. ಸಭಾಪಾಲಕರೂ ಅದನ್ನೇ ಹೇಳಿದರು: ಸಭೆಯ ಹಾಳೆಯಲ್ಲಿ ಸಭೆಯ ಸುದ್ದಿ ಸಾಕು, ಉಳಿದದ್ದು ಅರಣ್ಯ ಇಲಾಖೆಯ ಕೆಲಸ. ಐದು ವಾರ ಹಾಗೆ ನಡೆಯಿತು. ಇಲಾಖೆಯ ಸಂದೇಶಗಳು ಮೊಬೈಲಿಗೆ ಬರುತ್ತಿದ್ದವು, ಆದರೆ ಸಿಗ್ನಲ್ ಇಲ್ಲದ ಲೈನಿನವರು ಅದನ್ನು ನೋಡುತ್ತಿದ್ದುದು ಸಂಜೆ ಕ್ರಾಸಿಗೆ ಇಳಿದಾಗ. ಸುದ್ದಿ ಇಲ್ಲದ ಕಡೆ ಗಾಳಿಮಾತು ಬೆಳೆಯಿತು. ಒಂದು ದಿನ ಹತ್ತು ಆನೆ ಎಂದರು, ಮರುದಿನ ಹದಿನೆಂಟು ಎಂದರು. ಎರಡು ಮನೆಯವರು ಗಂಟುಮೂಟೆ ಕಟ್ಟಿಕೊಂಡು ನೆಂಟರೂರಿಗೆ ಹೋದರು.

ಆರನೇ ಶುಕ್ರವಾರ ಮಧ್ಯಾಹ್ನ ಚರ್ಚಿನ ಗೇಟಿನ ಹೊರಗೆ, ಆಸ್ಪತ್ರೆಯಿಂದ ಊರಿಗೆ ಬಂದಿದ್ದ ಸೀತಕ್ಕ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ನಮ್ಮನೆಯವ್ರು ಹೇಳಿ ಕಳ್ಸಿದಾರೆ. ನೀವು ಬರೀಬೇಕಂತೆ," ಎಂದರು. "ಕಂಡಿದ್ದು ಮಾತ್ರ ಬರೀರಿ. ಯಾರು ಕಂಡ್ರು, ಎಷ್ಟೊತ್ತಿಗೆ ಕಂಡ್ರು, ಅದೂ ಇರ್ಲಿ. ದಾರಿ ಸಲೀಸು ಅಂತ ಮಾತ್ರ ಬರೀಬೇಡಿ. ಅದನ್ನ ಹೇಳೋಕೆ ಯಾರಿಗೂ ಆಗಲ್ಲ," ಎಂದು ಹೇಳಿ, ಉತ್ತರಕ್ಕೂ ಕಾಯದೆ ಇಳಿದು ಹೋದರು.

ಅವತ್ತಿನಿಂದ 'ಸಲೀಸು' ಎಂಬ ಪದ ಆ ಹಾಳೆಯಲ್ಲಿ ಬಂದಿಲ್ಲ. ಪ್ರತಿ ಸಾಲಿಗೂ ಒಬ್ಬ ಸಾಕ್ಷಿ, ಒಂದು ಗಂಟೆ, ಒಂದು ಜಾಗ. ಅರಣ್ಯ ಇಲಾಖೆಯ ವಾಚರ್ ತಿಮ್ಮಪ್ಪ ಹೇಳಿದ್ದಾದರೆ ಅವರ ಹೆಸರು. ಹಾಲಿನ ವ್ಯಾನಿನವರು ಹೇಳಿದ್ದಾದರೆ, ವ್ಯಾನಿನೊಳಗಿಂದ ಕಂಡದ್ದೋ ಇಳಿದು ಕಂಡದ್ದೋ ಎಂಬುದೂ ಇರುತ್ತದೆ. "ಇವ್ರು ನಮ್ಮ ಆಫೀಸಿನವ್ರಿಗಿಂತ ಹೆಚ್ಚು ಕೇಳ್ತಾರೆ ಮಾರಾಯ್ರೆ," ಎಂದು ತಿಮ್ಮಪ್ಪ ನಗುತ್ತಾರೆ. "ಲದ್ದಿ ನೋಡಿದೆ ಅಂದ್ರೆ, ಮುಟ್ಟಿ ನೋಡಿದ್ಯಾ ಅಂತಾರೆ."

ಮುಟ್ಟಿ ನೋಡುವ ಅಭ್ಯಾಸ ಈ ವರ್ಷದ ಈಸ್ಟರ್ ದಿನ ದೊಡ್ಡ ರಗಳೆಗೆ ಕಾರಣವಾಯಿತು.

ಈಸ್ಟರ್ ದಿನ ಸೂರ್ಯ ಹುಟ್ಟುವ ಮುಂಚೆ ಸಮಾಧಿಗಳ ನಡುವೆ ನಿಂತು ಆರಾಧನೆ ಮಾಡುವುದು ಈ ಸಭೆಯ ಹಳೆಯ ವಾಡಿಕೆ. ಬೆಳಗ್ಗೆ ಐದಕ್ಕೆ ಮೊದಲ ಗಂಟೆ. ಅದು ಕೇಳಿದ ಮೇಲೆ ಲೈನಿನವರು ಮಕ್ಕಳನ್ನೆತ್ತಿಕೊಂಡು, ಮೇಣದಬತ್ತಿ ಹಿಡಿದು, ಕಾಲುದಾರಿಯಲ್ಲಿ ಗುಡ್ಡ ಹತ್ತುತ್ತಾರೆ. ರೂತಕ್ಕ ಹಿಂದಿನ ದಿನವೇ ಸಮಾಧಿಗಳಿಗೆಲ್ಲ ಸುಣ್ಣ ಬಳಿದಿದ್ದರು. ನಾಲ್ಕೂವರೆಗೆ ಟಾರ್ಚು ಹಿಡಿದು ನೋಡಲು ಹೋದಾಗ, ಕೆಳಗಿನ ಗೋಡೆಯ ಪಕ್ಕ ಲದ್ದಿ ಕಂಡಿತು. ಬೆರಳಿಟ್ಟರು. ಬೆಚ್ಚಗಿತ್ತು.

ಗಂಟೆಯ ಕೋಣೆಯ ಬಾಗಿಲಲ್ಲಿ ಸಭಾಪಾಲಕರು ಬಿಳಿ ನಿಲುವಂಗಿ ತೊಟ್ಟು ಕಾಯುತ್ತಿದ್ದರು. ರೂತಕ್ಕ ಓಡಿ ಬಂದು ಗಂಟೆ ಬಾರಿಸುವುದಿಲ್ಲ ಎಂದರು.

"ಪುನರುತ್ಥಾನದ ದಿನ ಗಂಟೆ ಇಲ್ಲದೆ ಹೇಗಮ್ಮಾ? ಆನೆ ಕಂಡ್ರಾ?"

"ಕಂಡಿಲ್ಲ ಅಯ್ಯನವ್ರೇ. ಲದ್ದಿ ಬೆಚ್ಚಗಿದೆ."

"ಅಷ್ಟಕ್ಕೇ? ಇಷ್ಟು ಜನ ಒಟ್ಟಿಗೆ ಬಂದ್ರೆ ಅವೇ ಹೋಗ್ತಾವೆ. ಕೀಲಿ ಕೊಡಿ, ನಾನೇ ಬಾರಿಸ್ತೀನಿ."

ರೂತಕ್ಕ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೈ ಬೆನ್ನ ಹಿಂದೆ ಇಟ್ಟುಕೊಂಡರು. "ಕ್ಷಮಿಸಿ. ಕೊಡಲ್ಲ." ಸಭಾಪಾಲಕರಿಗೆ ಅವರು ಇಲ್ಲವೆಂದು ಹೇಳಿದ್ದು ಅದೇ ಮೊದಲು. "ಅವ್ರಿಗೆ ಹೆದರಿದ್ನೋ, ಆನೆಗೆ ಹೆದರಿದ್ನೋ, ಎರಡೂ ಕೂಡಿ ಬಂದಿತ್ತು," ಎಂದು ನೆನೆಯುತ್ತಾರೆ.

ಐದಾಯಿತು, ಐದೂವರೆಯಾಯಿತು. ಗಂಟೆ ಕೇಳದೆ ಲೈನಿನವರು ಮನೆಯಲ್ಲೇ ಉಳಿದರು. ಜೀಪಿನಲ್ಲಿ ಬಂದ ಏಳು ಜನರನ್ನು ಚರ್ಚಿನೊಳಗೆ ಕೂರಿಸಿದರು. ಏಳಕ್ಕೆ, ಬಿಸಿಲು ಗೋಡೆಯ ಮೇಲೆ ಬಿದ್ದ ಮೇಲೆ, ಗಂಟೆ ಬಾರಿಸಿದರು. ಆರಾಧನೆ ಒಳಗೇ ನಡೆಯಿತು. ಆನೆ ಯಾರಿಗೂ ಕಾಣಲಿಲ್ಲ.

ಜನ ಸಿಟ್ಟಾದರು. ರೂತಕ್ಕನ ಪುಕ್ಕಲುತನಕ್ಕೆ ಹಬ್ಬ ಹಾಳಾಯಿತು ಎಂದು ಹಿರಿಯರೊಬ್ಬರು ಚರ್ಚಿನ ಮೆಟ್ಟಿಲ ಮೇಲೇ ಕೂಗಾಡಿದರು. ಬೇರೆಯವರನ್ನು ನೇಮಿಸಿ ಎಂದು ಸಭೆಯ ಕಮಿಟಿಗೆ ಅರ್ಜಿಯೂ ಹೋಯಿತು. ಅವತ್ತೇ ಒಂಬತ್ತು ಗಂಟೆಗೆ ತಿಮ್ಮಪ್ಪ ಬಂದು ಹೆಜ್ಜೆ ಗುರುತು ನೋಡಿದರು. ಮೂರು ಆನೆ, ಒಂದು ಮರಿ. ಸಮಾಧಿಯ ಕೆಳಗಿನ ಗೋಡೆಗುಂಟ ಹೋಗಿ, ಲೈನಿನವರು ಹತ್ತಿ ಬರಬೇಕಿದ್ದ ಕಾಲುದಾರಿಯಲ್ಲೇ ಇಳಿದು, ನೀರಿನ ಟ್ಯಾಂಕಿನ ಬಳಿ ತುಂಬ ಹೊತ್ತು ನಿಂತಿದ್ದವು. ಮರಿ ಇರುವ ತಾಯಿಯೆದುರು ಕತ್ತಲಲ್ಲಿ ದೀಪ ಹಿಡಿದ ನಲವತ್ತು ಜನ. ಅಷ್ಟು ಹೇಳಿ ತಿಮ್ಮಪ್ಪ ಹೆಜ್ಜೆಗಳ ಅಳತೆ ತೆಗೆಯತೊಡಗಿದರು. ಕೂಗಾಡಿದ ಹಿರಿಯರು ಹೆಜ್ಜೆಗಳನ್ನು ನೋಡಲು ಹೋಗಲೇ ಇಲ್ಲ.

ಕಮಿಟಿ ಕೂತಿತು. ಅರ್ಜಿಯನ್ನು ಬದಿಗಿಟ್ಟು, ಮುಂದಿನ ವರ್ಷದಿಂದ ಈಸ್ಟರ್ ಆರಾಧನೆ ಬೆಳಕು ಹರಿದ ಮೇಲೆ ಎಂದು ತೀರ್ಮಾನಿಸಿತು. ಸಭಾಪಾಲಕರು ಆ ತೀರ್ಮಾನದ ಕಾಗದವನ್ನು ರೂತಕ್ಕನ ಕೈಗೆ ಕೊಟ್ಟು, "ಇದನ್ನೂ ಹಾಳೆಯಲ್ಲಿ ಹಾಕಿ. ಯಾರು ಹೇಳಿದ್ದು ಅಂತ ನನ್ನ ಹೆಸರೇ ಬರೀರಿ," ಎಂದರು.

ನೀವು ತಡೆಯದಿದ್ದರೆ ಅವತ್ತು ಅನಾಹುತವಾಗುತ್ತಿತ್ತಲ್ಲವೇ ಎಂದು ನಾನು ಕೇಳಿದೆ. ರೂತಕ್ಕ ಒಪ್ಪಲಿಲ್ಲ. "ಏನೂ ಆಗ್ತಿರ್ಲಿಲ್ವೇನೋ. ನಂಗೊತ್ತಿಲ್ಲ. ಅದನ್ನ ಗೊತ್ತು ಮಾಡ್ಕೊಳ್ಳೋಕೆ ಮಕ್ಕಳು ಮರೀನೆಲ್ಲ ಆ ದಾರೀಲಿ ಕಳ್ಸೋಕೆ ಆಗ್ತದಾ?"

ಶನಿವಾರದ ನಡಿಗೆಯ ಕೊನೆಯ ಮನೆ ಗೋವಿಂದ, ಸೀತಕ್ಕನದು. ಗುಡ್ಡದ ಕೆಲಸಕ್ಕೆ ಹೋಗಲಾಗದ ಗೋವಿಂದ ಈಗ ಬೆಳಗ್ಗೆ ಐದರಿಂದ ಕಿಟಕಿಯ ಬಳಿ ಕೂರುತ್ತಾರೆ. ರೂತಕ್ಕ ಮಣೆಯ ಮೇಲೆ ಕೂತು ಚೀಟಿ ತೆಗೆದರೆ ಅವರು ವಾರದ ವರದಿ ಒಪ್ಪಿಸುತ್ತಾರೆ: "ಮಂಗಳವಾರ ಐದೂ ಇಪ್ಪತ್ತು, ಘೀಳು, ಎರಡು ಸಲ, ಹಳ್ಳದ ಕಡೆ. ಗುರುವಾರ ಎಂತದೂ ಇಲ್ಲ. ನಿನ್ನೆ ನಾಯಿ ಬೊಗಳ್ತು, ಯಾಕೋ ಗೊತ್ತಿಲ್ಲ." ಎಲ್ಲವೂ ಅವರ ಹೆಸರಿನಲ್ಲೇ ಮುಂದಿನ ವಾರದ ಹಾಳೆಗೆ ಹೋಗುತ್ತದೆ. ಸೀತಕ್ಕ ಕಾಫಿ ತಂದಿಟ್ಟು ಒಳಗೆ ಹೋಗುತ್ತಾರೆ. ರೂತಕ್ಕನ ಜೊತೆ ಅವರ ಮಾತು ಇನ್ನೂ ಕಡಿಮೆಯೇ. ಆದರೆ ಹಾಳೆ ಕೈಗೆ ಬಂದ ಕೂಡಲೇ ಬಾಗಿಲಲ್ಲೇ ನಿಂತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಗಂಡನಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಈ ವಾರದ ಮೊದಲ ಸಾಲು: 'ಮೇಲಿನ ಲೈನಿನ ಎರಡನೇ ಮನೆಗೆ ಹೆಣ್ಣು ಮಗು. ತಾಯಿ ಮಗು ಕ್ಷೇಮ. ರೂತ್ ನೋಡಿ ಬಂದಿದ್ದಾಳೆ.'

ಹನ್ನೊಂದೂವರೆಗೆ ಚರ್ಚಿಗೆ ಮರಳುತ್ತೇವೆ. ಮೆಟ್ಟಿಲ ಮೇಲೆ ಕೂತು ರೂತಕ್ಕ ಶೂ ಬಿಚ್ಚುತ್ತಾರೆ, ಊದಿದ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತಾರೆ. ಪ್ರತಿ ಶನಿವಾರ ಇಷ್ಟು ಹೆದರಿಕೊಂಡು ನಡೆಯುತ್ತೀರಲ್ಲ, ಈ ಹೆದರಿಕೆ ಹೋಗಲಿ ಎಂದು ಪ್ರಾರ್ಥನೆ ಮಾಡುವುದಿಲ್ಲವೇ ಎಂದು ಕೇಳುತ್ತೇನೆ.

"ಇಲ್ಲಪ್ಪ," ಎನ್ನುತ್ತಾರೆ, ಯೋಚಿಸದೆಯೇ. "ಹೆದರಿಕೆ ಹೋದ ವಾರ ನಾನು ಮತ್ತೆ ತಪ್ಪು ಬರೀತೀನಿ. ಅದು ಇರ್ಲಿ. ಮೊಣಕಾಲು ಇನ್ನೊಂದು ನಾಲ್ಕು ವರ್ಷ ಗಟ್ಟಿ ಇರ್ಲಿ ಅಂತ ಅಷ್ಟೇ ಕೇಳ್ಕೊಳ್ಳೋದು."